ಎರಡೂ ಎಡಗಡೆಯ ಕುಪ್ಪಸ

ನಮ್ಮ ಮನೆಯಲ್ಲಿ ಸ್ಕೂಟರ್ ಕೀಲಿ ಇಡುವುದಕ್ಕೆಂದೇ ಗೋಡೆಯಲ್ಲಿ ಒಂದು ಮೊಳೆ ಇದೆ. ಕೀಲಿ ಅಲ್ಲಿ ಮಾತ್ರ ಇರುವುದಿಲ್ಲ. ಇವತ್ತು ಭಾನುವಾರ ಬೆಳಗ್ಗೆಯೂ ಅದನ್ನೇ ಹುಡುಕುತ್ತಾ ಟಿವಿ ಕೆಳಗಿನ ಡ್ರಾಯರಿನೊಳಗೆ ಮೊಣಕೈವರೆಗೆ ಕೈ ಬಿಟ್ಟಿದ್ದೆ. ಸತ್ತ ರಿಮೋಟು, ಯಾವ ಫೋನಿಗೂ ಒಗ್ಗದ ಚಾರ್ಜರು, ಅಪ್ಪನ ಹಳೆಯ ಕನ್ನಡಕದ ಒಂಟಿ ಕಾಲು, ಇವೆಲ್ಲವನ್ನೂ ದಾಟಿದ ಮೇಲೆ ಬೆರಳಿಗೆ ಏನೋ ಗರಿಗರಿಯಾಗಿ ತಾಗಿತು. ಎಳೆದೆ. ಅಂಗೈಯಷ್ಟು ಅಗಲದ, ಮೂರು ಮೂಲೆಯ ಬಟ್ಟೆಚೂರು. ನೇರಳೆ ಮೈ, ಕೆಂಪು ಅಂಚು, ಒಂದು ಬದಿಯಲ್ಲಿ ಕುಡಿದವನು ನಡೆದುಹೋದಂತೆ ಓಲಾಡುವ ಸೀಮೆಸುಣ್ಣದ ಗೆರೆ. ಆ ಗೆರೆ ಎಳೆದ ಕೈ ನನ್ನದು.

ಮೂಗಿಗೆ ಹಿಡಿದೆ. ಗಂಜಿಯ ವಾಸನೆ, ಅದರ ಹಿಂದೆ ನುಸಿಗುಳಿಗೆಯ ವಾಸನೆ. ಅಷ್ಟೇ ಸಾಕಾಯಿತು, ಕೀಲಿ ಮರೆತು ಅಲ್ಲೇ ಕೂತುಬಿಟ್ಟೆ. ಬನ್ನಿ, ನೀವೂ ಇಲ್ಲೇ ನೆಲದ ಮೇಲೆ ಕೂತುಕೊಳ್ಳಿ. ಕೀಲಿ ಹೇಗಿದ್ದರೂ ಈಗಲೇ ಸಿಗುವ ಪೈಕಿ ಅಲ್ಲ. ಅಷ್ಟರಲ್ಲಿ ಈ ಚೂರಿನ ಕಥೆ ಹೇಳಿ ಮುಗಿಸುತ್ತೇನೆ.

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿದ್ದೇನೆ. ಈ ವಾಕ್ಯ ಅಕ್ಷರಶಃ ನಿಜ. ಇದನ್ನು ಕೇಳಿದವರು "ಓಹೋ, ಕಟಿಂಗ್ ಮಾಸ್ಟರಾ!" ಅನ್ನುತ್ತಾರೆ. ಆಗ ನಾನು ಸುಮ್ಮನೆ ಕಾಲರ್ ಸರಿಮಾಡಿಕೊಳ್ಳುತ್ತೇನೆ. ಸುಮ್ಮನಿರುವುದನ್ನು ಸುಳ್ಳು ಅನ್ನಲಾಗದು ಎಂದು ನನ್ನ ವಾದ. ಮಾಸ್ಟರ್ ಬೇರೆ ಮನುಷ್ಯ, ಆತನಿಗೆ ಬೇರೆ ಕುರ್ಚಿಯಿದೆ. ನನ್ನ ಕೆಲಸ ಬಟ್ಟೆ ಹಾಸುವುದು. ರೈಲ್ವೆ ಪ್ಲಾಟ್‌ಫಾರಂ ಉದ್ದದ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಟ್ಟೆ ಎಳೆದುಕೊಂಡು ಹೋಗಬೇಕು, ಸುಕ್ಕು ಸವರಬೇಕು, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಎಲ್ಲದರ ಮೇಲೆ ಕಾಗದದ ನಕ್ಷೆ ಬರುತ್ತದೆ. ಅದರಲ್ಲಿ ಶರ್ಟಿನ ಎಡಭಾಗ ಬೇರೆ, ಬಲಭಾಗ ಬೇರೆ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಬರೆದಿರುತ್ತಾರೆ. ಮಾಸ್ಟರ್ ಬಂದು ಮೆಷಿನ್ ಓಡಿಸುತ್ತಾನೆ, ಹೆಸರು ಪಡೆಯುತ್ತಾನೆ.

ನನ್ನ ಪಾಲಿನ ನಿಯಮ ಒಂದೇ ಒಂದು. ಬಟ್ಟೆಯ ಮುಖ ಯಾವಾಗಲೂ ಮೇಲಕ್ಕೆ. ಪ್ರತಿ ಪದರವೂ ಸೂರು ನೋಡುತ್ತಾ ಅಂಗಾತ ಮಲಗಬೇಕು. ಒಂದು ಪದರ ಬೋರಲಾದರೂ ಸೂಪರ್‌ವೈಸರ್ ಹತ್ತಿರ ಬಂದು "ಏನ್ ಗುರು, ಮನೇಲಿ ಎಲ್ಲಾ ಸೌಖ್ಯನಾ?" ಎಂದು ತುಂಬ ಮೃದುವಾಗಿ ಕೇಳುತ್ತಾನೆ. ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟರೆ ವಾಸಿ. ಹಾಗಾಗಿ ಈ ನಿಯಮ ನನ್ನ ಮೂಳೆಗೆ ಇಳಿದುಬಿಟ್ಟಿದೆ. ಮನೆಯಲ್ಲಿ ದೋಸೆಗಳನ್ನೂ ನಾನು ಕೆಂಪಾದ ಮುಖ ಮೇಲೆ ಬರುವಂತೆಯೇ ಒಂದರ ಮೇಲೊಂದು ಇಡುತ್ತೇನೆ. ಈ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ನನ್ನನ್ನು ಬೈಯಬೇಕು ಅನ್ನಿಸಿದಾಗ ಸ್ವಲ್ಪ ಕರುಣೆಗೆ ಬೇಕಾಗುತ್ತದೆ.

ಮನೆ ಬಾಗಲಗುಂಟೆಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲ್ಗಡೆ. ಅಪ್ಪ ಸರ್ಕಾರಿ ಯಂತ್ರ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಈ ಕಥೆಯಲ್ಲಿ ಆತನ ಪಾತ್ರ ಪೇಪರ್ ಓದುವುದು ಮಾತ್ರ. ಅಮ್ಮನ ಬಳಿ ಮದುವೆಯ ಹೊಸತರಲ್ಲಿ ಅಪ್ಪ ಕೊಡಿಸಿದ ಹೊಲಿಗೆ ಮೆಷಿನ್ ಇದೆ. ತುಳಿದರೆ ಇಡೀ ಮನೆ ಗಡಗಡ ಅನ್ನುತ್ತದೆ, ಕೆಳಗಿನ ಗಿರಣಿಯವರು ತಮ್ಮದೇ ಮೆಷಿನ್ ಅಂದುಕೊಳ್ಳುತ್ತಾರೆ. ಅಣ್ಣ ಕಾರ್ಖಾನೆ ಕಾರ್ಖಾನೆಗೆ ಹೋಗಿ ಕೆಟ್ಟ ಯಂತ್ರ ರಿಪೇರಿ ಮಾಡುವವನು. ಒಂದು ಕಾರ್ಖಾನೆಯಲ್ಲಿ ಒಂದೇ ಯಂತ್ರ ಮತ್ತೆ ಮತ್ತೆ ಕೆಡತೊಡಗಿತು. ಅಲ್ಲಿಯ ಅಕೌಂಟ್ಸ್ ವಿಭಾಗದಲ್ಲಿ ಶೈಲಾ ಎಂಬವರು ಕೂರುತ್ತಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. ಅವರೇ ನನ್ನ ಅತ್ತಿಗೆ.

ಅತ್ತಿಗೆಯ ತವರಿನವರು ಬಾಗಲಕೋಟೆ ಕಡೆಯವರು. ಈಗ ದೊಡ್ಡನೆಕ್ಕುಂದಿಯ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರದು ರೊಟ್ಟಿ ಮನೆ, ನಮ್ಮದು ಮುದ್ದೆ ಮನೆ. ಅವರದು ಲಿಂಗಪೂಜೆ, ನಮ್ಮದು ಬೇರೆ ದೇವರು. ಅವರಪ್ಪ ಈ ಮದುವೆಗೆ ಬಿಲ್‌ಕುಲ್ ಒಪ್ಪಲಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿಯಾಯಿತು, ಆ ಕಡೆಯಿಂದ ಒಂದು ನೊಣವೂ ಬರಲಿಲ್ಲ. ಅವತ್ತಿನಿಂದ ತಾಯಿ ಮಗಳ ನಡುವೆ ಫೋನಿಲ್ಲ, ಮಾತಿಲ್ಲ. ಒಂದೇ ಊರಿನ ಈ ತುದಿಯಲ್ಲಿ ಮಗಳು, ಆ ತುದಿಯಲ್ಲಿ ತಾಯಿ. ನಡುವೆ ರಿಂಗ್ ರೋಡು. ಅತ್ತಿಗೆ ಇದರ ಬಗ್ಗೆ ಏನೂ ಆಡುತ್ತಿರಲಿಲ್ಲ. ಆದರೆ ಯಾರ ಮನೆಯ ಕುಕ್ಕರ್ ಕೂಗಿದರೂ "ನಮ್ಮವ್ವ ಮೂರು ಕೂಗಿಗೆ ಆಫ್ ಮಾಡ್ತಾಳೆ" ಅನ್ನುತ್ತಿದ್ದರು. ಆ ಮನೆಯ ಸುದ್ದಿ ನಮಗೆ ಸಿಗುತ್ತಿದ್ದುದು ಕುಕ್ಕರಿನ ಲೆಕ್ಕದಲ್ಲಿ.

ಹೀಗಿರುವಾಗ ಒಂದು ಸಂಜೆ ಅತ್ತಿಗೆಯ ಕಾಕಾ, ಅಂದರೆ ಅವರಪ್ಪನ ತಮ್ಮ, ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಮಗಳ ಮದುವೆ, ಕರೆಯುವುದಕ್ಕೆ ಬಂದಿದ್ದರು. ಅವರ ಹೆಂಡತಿ ಕುಂಕುಮ ಹಚ್ಚಿದರು. ಕಾಕಾ ಚೀಲದಿಂದ ಲಗ್ನಪತ್ರಿಕೆ ತೆಗೆದರು, ಅದರ ಜತೆಗೆ ಒಂದು ಖಣ. ಗೊತ್ತಲ್ಲ, ಆ ಕಡೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಎರಡೂ ಬದಿಗೆ ಅಂಚು, ಮೈತುಂಬ ಸಣ್ಣ ಸಣ್ಣ ಚಿತ್ತಾರ. ಒಂದು ಖಣಕ್ಕೆ ಒಂದೇ ಕುಪ್ಪಸ.

"ಇದು ನಿಮ್ಮವ್ವ ಕೊಟ್ಟು ಕಳಿಸ್ಯಾಳವಾ" ಅಂದರು ಕಾಕಾ. "ಮದುವಿಗೆ ಇದನ್ನ ತೊಟ್ಕೊಂಡು ಬರಬೇಕಂತ."

ಅತ್ತಿಗೆ ಸೆರಗೊಡ್ಡಿ ಇಸಿದುಕೊಂಡರು. ಅದರ ಅಂಚು ಸವರುತ್ತಾ ಕೇಳಿದರು, "ಅಪ್ಪ ಏನಂದ್ರು ಕಾಕಾ?"

"ನಿಮ್ಮಪ್ಪ ಟಿವಿ ನೋಡಾಕತ್ತಿದ್ದ. ಏನೂ ಅನ್ಲಿಲ್ಲ." ಕಾಕಾ ಮೆಟ್ಟಿಲಿಳಿಯುವಾಗ ತಿರುಗಿ ನೋಡಿ ಸೇರಿಸಿದರು, "ಆದ್ರ ಟಿವಿ ಸೌಂಡ್ ಬಂದ್ ಮಾಡಿದ್ದ."

ಅವತ್ತು ಇಡೀ ಸಂಜೆ ಅತ್ತಿಗೆ ಆ ಖಣವನ್ನು ತೊಡೆಯ ಮೇಲಿಟ್ಟುಕೊಂಡೇ ಅವರೆಕಾಯಿ ಸುಲಿದರು. ಅಣ್ಣ ಹತ್ತಿರ ಹೋಗಿ "ಹುಳ ಬೀಳುತ್ತೆ ಕಣೇ, ಆ ಕಡೆ ಇಡು" ಅಂದ. ಅವರು ಇಡಲಿಲ್ಲ.

ಮದುವೆ ಹತ್ತಿರವಿತ್ತು. ಬಾಗಲಗುಂಟೆಯ ಟೈಲರುಗಳೆಲ್ಲ ಮದುವೆ ಸೀಸನ್ನಿನಲ್ಲಿ ಮಂತ್ರಿಗಳಾಗಿಬಿಡುತ್ತಾರೆ. ಒಬ್ಬ "ಮೇಡಂ, ಮದುವೆ ಮುಂದಕ್ಕೆ ಹಾಕ್ಸಿ, ಹೊಲ್ಕೊಡ್ತೀನಿ" ಅಂದನಂತೆ. ಇನ್ನೊಬ್ಬಳು ಅಂಗಡಿ ಬಾಗಿಲಲ್ಲೇ ಕೈ ಮುಗಿದಳು. ಅತ್ತಿಗೆ ಖಣ ಹಿಡಿದುಕೊಂಡು ಸಪ್ಪೆ ಮುಖದಲ್ಲಿ ಮನೆಗೆ ಬಂದರು.

"ನಾನು ಹೊಲೀತೀನಮ್ಮ" ಅಂದಳು ಅಮ್ಮ. "ಆದ್ರೆ ಕಟ್ ಮಾತ್ರ ಮಾಡಲ್ಲ. ಈ ಕಣ್ಣಲ್ಲಿ ಅಂಥ ಬಟ್ಟೆಗೆ ಕತ್ತರಿ ಹಾಕೋ ಧೈರ್ಯ ನನಗಿಲ್ಲ."

ನನ್ನ ಕೈ ತಾನಾಗಿಯೇ ಕಾಲರಿಗೆ ಹೋಯಿತು.

"ಕಟಿಂಗ್ ಅಂತೀರಾ? ಅದು ನಮ್ದೇ ಡಿಪಾರ್ಟ್‌ಮೆಂಟು" ಅಂದೆ.

ಅಣ್ಣ ಎದ್ದು ನಿಂತ. "ಲೋ, ನೀನು ಮನೆಗೆ ತಂದ ಹಲಸಿನಹಣ್ಣು ಕತ್ತರಿಸಿದ್ದು ನಂಗಿನ್ನೂ ನೆನಪಿದೆ."

"ಸುಮ್ನಿರ್ರೀ, ದಿನಾ ಸಾವಿರ ಬಟ್ಟೆ ನೋಡೋ ಹುಡುಗ" ಅಂದರು ಅತ್ತಿಗೆ. ನೋಡಿ, ಪಾಪ, ಅವರು ನನ್ನನ್ನು ನಂಬಿದರು. ನನ್ನ ಕೈಗೆ ಖಣ ಕೊಟ್ಟರು, ಅಳತೆ ಬ್ಲೌಸು ಕೊಟ್ಟರು, ಕುಡಿಯಲು ಮಜ್ಜಿಗೆಯನ್ನೂ ಕೊಟ್ಟರು.

ನಾನು ಕಾರ್ಖಾನೆಯ ಗತ್ತಿನಲ್ಲೇ ಶುರು ಮಾಡಿದೆ. ನೆಲ ಒರೆಸಿದೆ. ಅಪ್ಪನ ಕೈಯಿಂದ ಪೇಪರಿನ ಕ್ರೀಡಾಪುಟ ಕಿತ್ತುಕೊಂಡೆ. ಅಳತೆ ಬ್ಲೌಸಿನ ಮುಂಭಾಗದ ಅರ್ಧವನ್ನು ಅದರ ಮೇಲೆ ಇಟ್ಟು ಗೆರೆ ಎಳೆದು ನಕ್ಷೆ ಮಾಡಿದೆ. ಕುಪ್ಪಸದ ಮುಂಭಾಗ ಎರಡು ತುಂಡು, ನಡುವೆ ಹುಕ್ಕು. ಅಷ್ಟು ನನಗೂ ಗೊತ್ತು. ಖಣದಲ್ಲಿ ಮುಂಭಾಗಕ್ಕೆ ಬೇಕಾದಷ್ಟನ್ನು ಬಿಡಿಸಿ ಎರಡು ತುಂಡು ಮಾಡಿದೆ. ಒಂದರ ಮೇಲೊಂದು ಹಾಸಿದೆ. ಚಿತ್ತಾರಕ್ಕೆ ಚಿತ್ತಾರ, ಅಂಚಿಗೆ ಅಂಚು, ಎರಡರ ಮುಖವೂ ಮೇಲಕ್ಕೆ. ಸುಕ್ಕು ಸವರಿದೆ. ಆಹಾ, ಎಂಥ ಹಾಸು! ಸೂಪರ್‌ವೈಸರ್ ನೋಡಿದ್ದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ಮೇಲೆ ಕ್ರೀಡಾಪುಟವಿಟ್ಟು, ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಉಸಿರು ಬಿಗಿಹಿಡಿದು, ಎರಡೂ ಪದರವನ್ನು ಒಟ್ಟಿಗೇ ಕತ್ತರಿಸಿದೆ. ನಡುವೆ ಒಂದು ಹಾಡನ್ನೂ ಸಿಳ್ಳೆ ಹಾಕಿದೆ ಎಂದು ಅಣ್ಣ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾನೆ.

ಅಮ್ಮ ಎರಡು ತುಂಡನ್ನೂ ತೆಗೆದುಕೊಂಡು ಮೆಷಿನ್ ಮುಂದೆ ಕೂತಳು. ಒಂದನ್ನು ತಿರುಗಿಸಿದಳು. ಇನ್ನೊಂದನ್ನು ತಿರುಗಿಸಿದಳು. ಕನ್ನಡಕ ಒರೆಸಿಕೊಂಡಳು.

"ಲೋ, ಇದರ ಜೋಡಿ ಎಲ್ಲೋ?"

"ನಿನ್ ಕೈಯಲ್ಲೇ ಇದೆಯಲ್ಲಮ್ಮ."

"ಇದೂ ಎಡಗಡೇದು. ಇದೂ ಎಡಗಡೇದು."

"ಒಂದನ್ನ ತಿರುಗಿಸು, ಬಲ ಆಗುತ್ತೆ."

"ತಿರುಗಿಸಿದ್ರೆ ಒಳಮೈ ಹೊರಗೆ ಬರುತ್ತೆ ಕಣೋ, ನೋಡು!"

ನೋಡಿದೆ. ಖಣದ ಒಳಮೈ ಮಾಸಲು. ಚಿತ್ತಾರದ ಜಾಗದಲ್ಲಿ ಬರೀ ಸಿಕ್ಕು ಸಿಕ್ಕು ದಾರ. ಚಪ್ಪಲಿ ಅಂಗಡಿಯವನು ಎರಡೂ ಎಡಗಾಲಿನದನ್ನೇ ಡಬ್ಬಿಗೆ ಹಾಕಿ ಕಳಿಸಿದ ಹಾಗೆ ನನ್ನ ಎರಡು ತುಂಡುಗಳು ಅಕ್ಕಪಕ್ಕ ಮಲಗಿದ್ದವು, ಒಂದೇ ದಿಕ್ಕಿಗೆ ವಾಲಿಕೊಂಡು, ಸೂರು ನೋಡುತ್ತಾ. ನಿಮಗೆ ಆಗಲೇ ಅರ್ಥವಾಗಿರಬೇಕು. ಕಾರ್ಖಾನೆಯ ನಕ್ಷೆಯಲ್ಲಿ ಎಡಬಲ ಬೇರೆ ಬೇರೆ ಬರೆದಿರುತ್ತದೆ, ಅಲ್ಲಿ ಎಲ್ಲ ಪದರವೂ ಮೇಲೆ ನೋಡಬೇಕು. ನನ್ನ ಕ್ರೀಡಾಪುಟದಲ್ಲಿ ಇದ್ದದ್ದು ಎಡಭಾಗ ಒಂದೇ. ಉಳಿದ ಬಟ್ಟೆ ಬೆನ್ನಿಗೆ, ತೋಳಿಗೆ ಸರಿಹೋಗುತ್ತಿತ್ತು. ಇನ್ನೊಂದು ಮುಂಭಾಗ ಅದರಲ್ಲಿ ಹುಟ್ಟುವಂತಿರಲಿಲ್ಲ. ಸಾವಿರ ಶರ್ಟಿಗೆ ಬಟ್ಟೆ ಹಾಸಿದ ನಾನು ಒಂದೇ ಒಂದು ಕುಪ್ಪಸಕ್ಕೆ ಹಾಸಲಾರದೆ ಹೋದೆ.

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ನಾನು ಒಂದು ಜೋಕು ಹೊಡೆದು ತಪ್ಪಿಸಿಕೊಳ್ಳುತ್ತಿದ್ದೆ. ಅವರು ಎರಡು ತುಂಡನ್ನೂ ಕೈಯಲ್ಲಿ ಹಿಡಿದು ದಿವಾನದ ಅಂಚಿನಲ್ಲಿ ಕೂತರು.

"ಬೇರೆ ಬ್ಲೌಸ್ ಹಾಕ್ಕೊಂಡು ಹೋಗಮ್ಮ, ಏನಾಯ್ತೀಗ" ಅಂದಳು ಅಮ್ಮ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

"ಇಷ್ಟು ದಿನ ಆದ್ಮೇಲೆ ಅವ್ವ ಕಳಿಸಿರೋದು ಇದೊಂದೇ ಅತ್ತೆ" ಅಂದರು ಅತ್ತಿಗೆ. "ಮದುವೆ ಮನೇಲಿ ಮೊದಲು ನೋಡೋದೇ ಇದನ್ನ. ತೊಟ್ಟಿಲ್ಲ ಅಂದ್ರೆ ನಾನು ಬೇಕಂತಲೇ ಬಿಟ್ಟು ಬಂದೆ ಅಂದ್ಕೋತಾಳೆ. ಅಪ್ಪ ಅಂತೂ, 'ನೋಡಿದಿಯಾ ನಿನ್ ಮಗಳನ್ನ' ಅಂತಾರೆ. ಆಮೇಲೆ ಆ ಬಾಗ್ಲು ಮತ್ತೆ ತೆಗೆಯಲ್ಲ."

ಅಣ್ಣ ನನ್ನ ಕಡೆ ನೋಡಿದ. ಕೆಟ್ಟ ಯಂತ್ರವನ್ನು ಆತ ಅಷ್ಟು ಕೆಟ್ಟದಾಗಿ ಎಂದೂ ನೋಡಿರಲಾರ.

ಮಾರನೇ ದಿನ ರಜೆ ಹಾಕಿ, ಫೋನಿನಲ್ಲಿ ಖಣದ ಫೋಟೋ ಇಟ್ಟುಕೊಂಡು ಪೇಟೆಯ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿದೆ. ಕಾಣೆಯಾದವರ ಫೋಟೋ ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದೆ. ಒಬ್ಬ ಅಂಗಡಿಯವನು "ಸಾರ್, ಸೇಮ್ ಟು ಸೇಮ್ ಇದೆ" ಎಂದು ಹಸಿರು ಖಣ ತೆಗೆದ. ಇನ್ನೊಬ್ಬ ನೇರಳೆಯೇ ಕೊಟ್ಟ, ಚಿತ್ತಾರ ಬೇರೆ. ಅದನ್ನೇ ತಂದು ಅತ್ತಿಗೆಗೆ ತೋರಿಸಿದೆ. "ಚೆನ್ನಾಗಿದೆ ಕಣೋ. ಆದ್ರೆ ಅವ್ವ ಖಣ ನೇಯೋ ಊರಿನವಳು" ಎಂದು ಬೆನ್ನು ತಟ್ಟಿ ಒಳಗೆ ಹೋದರು. ಆ ತಟ್ಟಿದ್ದು ಎರಡು ಬಿಟ್ಟಿದ್ದಕ್ಕಿಂತ ಜೋರಾಗಿ ತಾಗಿತು.

ಮಹಡಿಯ ಮೇಲೆ ಹೋಗಿ, ಒಣಹಾಕಿದ ಬೆಡ್‌ಶೀಟಿನ ಹಿಂದೆ ನಿಂತು, ಲಗ್ನಪತ್ರಿಕೆಯಲ್ಲಿದ್ದ ಕಾಕಾನ ನಂಬರಿಗೆ ಫೋನ್ ಮಾಡಿದೆ. ಖಣ ಕೊಂಡ ಅಂಗಡಿ ಯಾವುದೆಂದು ಗುಟ್ಟಾಗಿ ತಿಳಿದುಕೊಳ್ಳುವುದು, ಅಂಥದ್ದೇ ಇನ್ನೊಂದು ತರಿಸುವುದು, ಯಾರಿಗೂ ಗೊತ್ತಾಗದಂತೆ ಮುಗಿಸುವುದು. ಇದು ನನ್ನ ಯೋಜನೆ. ನನ್ನ ಯೋಜನೆಗಳೆಲ್ಲ ಇಷ್ಟೇ ಸುಂದರವಾಗಿ ಶುರುವಾಗುತ್ತವೆ.

"ಯಾರ್ರೀ? ಶಾಮಿಯಾನಾದವ್ರಾ?" ಮದುವೆ ಮನೆಯ ಗದ್ದಲದೊಳಗಿಂದ ಕಾಕಾ ಕೂಗಿದರು.

"ಅಲ್ಲ ಸಾರ್, ಬಾಗಲಗುಂಟೆಯಿಂದ. ಶೈಲಾ ಅತ್ತಿಗೆ ಮೈದುನ. ಆ ಖಣ ಯಾವ ಅಂಗಡೀದು ಅಂತ..."

"ಖಣದ ಅಂಗಡಿ ನನಗೇನು ಗೊತ್ತಪಾ! ತಡಿ, ಅಕಿ ಅವ್ವ ಇಲ್ಲೇ ಅದಾಳ. ಏ ವೈನೀ, ಫೋನು!"

"ಬೇಡ ಸಾರ್, ಬೇಡ" ಎಂದು ನಾನು ಕೂಗಿದ್ದು ನಮ್ಮ ಬೆಡ್‌ಶೀಟಿಗೆ ಮಾತ್ರ ಕೇಳಿಸಿತು.

"ಯಾರಪಾ?" ಹೆಂಗಸಿನ ದನಿ. ಅತ್ತಿಗೆಯ ದನಿಯೇ, ಸ್ವಲ್ಪ ಹಳೆಯದಾದದ್ದು. ಸುಳ್ಳು ಹೇಳುವುದಕ್ಕೂ ಸ್ವಲ್ಪ ತಯಾರಿ ಬೇಕಲ್ಲ, ಅದಿರಲಿಲ್ಲವಾದ್ದರಿಂದ ನಿಜವನ್ನೇ ಹೇಳಿಬಿಟ್ಟೆ. ಖಣ, ಕ್ರೀಡಾಪುಟ, ಎರಡು ಪದರ, ಎಲ್ಲ.

ಆ ಕಡೆ ಯಾರೋ ಪಾತ್ರೆ ಜೋಡಿಸುವ ಸದ್ದು.

"ಎರಡೂ ಎಡಗಡೇನಾ?"

"ಹೌದು ಆಂಟಿ."

"ನೀ ಏನು ಕೆಲಸಾ ಮಾಡ್ತಿ?"

"ಕಟಿಂಗ್... ಆಂಟಿ."

ಮತ್ತೆ ಪಾತ್ರೆಯ ಸದ್ದು. "ಅಕಿ ಅಳಾಕತ್ತಾಳೇನು?"

"ಇಲ್ಲ ಆಂಟಿ. ಸುಮ್ನೆ ಕೂತಿದಾರೆ."

"ಹಂಗಾದ್ರ ಅಳಾಕತ್ತಾಳ. ಸಣ್ಣಾಕಿ ಇದ್ದಾಗಿಂದ ಅಕಿ ಹಂಗ. ಫೋನ್ ಕೊಡು ಅಕೀಗೆ."

ಮೆಟ್ಟಿಲನ್ನು ನಾನು ಇಳಿದೆನೋ ಉರುಳಿದೆನೋ ಹೇಳಲಾರೆ. ಅತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಕೈತುಂಬ ಹಿಟ್ಟು. ಫೋನನ್ನು ಅವರ ಕಿವಿಗೆ ನಾನೇ ಹಿಡಿದೆ. "ಯಾರೋ?" ಎಂದು ಕಣ್ಣಲ್ಲೇ ಕೇಳಿದರು.

"ಹಲೋ" ಅಂದರು. ಆಮೇಲೆ, "ಅವ್ವಾ."

ಅಷ್ಟೇ. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿ ಕಪ್ಪಾಯಿತು, ಅಮ್ಮ ಬಂದು ಸದ್ದಿಲ್ಲದೆ ಒಲೆ ಆರಿಸಿದಳು. "ಹೂಂ." "ಹೂಂ ಅವ್ವಾ." "ಉಂಡೇನಿ." "ದಪ್ಪ ಆಗಿಲ್ಲವ್ವಾ, ಹಂಗ ಅದೀನಿ." ಬೆಂಗಳೂರಿನ ಮಾತೆಲ್ಲ ಒಂದೊಂದಾಗಿ ಕಳಚಿಬಿದ್ದು ಅತ್ತಿಗೆ ನಮ್ಮ ಕಣ್ಣೆದುರೇ ಬಾಗಲಕೋಟೆಯ ಹುಡುಗಿಯಾಗಿಬಿಟ್ಟರು. ನನ್ನ ಕೈ ಜೋಮು ಹಿಡಿಯಿತು. ಅಲುಗಿಸಿದರೆ ಲೈನ್ ಕಟ್ಟಾದೀತೆಂದು ಕಂಬದ ಹಾಗೆ ನಿಂತೇ ಇದ್ದೆ. ಕೊನೆಗೆ ಆ ಕಡೆಯಿಂದ ಏನು ಹೇಳಿದರೋ ಏನೋ, ಅತ್ತಿಗೆ ನನ್ನ ಮುಖ ನೋಡಿದರು, ತಡೆಯಲಾರದೆ ನಕ್ಕರು, ನಗುತ್ತಲೇ ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿಕೊಂಡರು. ಮುಖವೆಲ್ಲ ಜೋಳದ ಹಿಟ್ಟು.

"ನಾಳೆ ಬರ್ತಾಳಂತೆ" ಅಂದರು ನಮ್ಮೆಲ್ಲರಿಗೂ. "ಅವಳೂ ಅದೇ ಥಾನಿನಿಂದ ಒಂದು ಖಣ ಕತ್ತರಿಸಿಕೊಂಡು ಇಟ್ಟಿದಾಳಂತೆ. ತನಗೆ. ನಾನು ತೊಟ್ಟು ಬಂದ್ರೆ ತಾನೂ ತೊಡೋಣ ಅಂತ, ಇನ್ನೂ ಹೊಲಿಸಿಲ್ವಂತೆ."

ಮಾರನೇ ದಿನ ಮೆಟ್ರೋ ಸ್ಟೇಷನ್ನಿನಿಂದ ಅವರನ್ನು ಕರೆತರುವ ಕೆಲಸ ನನಗೇ ಬಿತ್ತು. ಚೀಲವನ್ನು ಎದೆಗವಚಿಕೊಂಡು ಸ್ಕೂಟರಿನ ಹಿಂದೆ ಒಂದು ಬದಿಗೆ ಕೂತರು. "ನೀನಽ ಏನು ಆ ಮಾಸ್ತರಾ? ಗಾಡಿ ಆದ್ರೂ ರಸ್ತೆ ಎಡಕ್ಕ ಹೊಡಿ, ಅದು ನಿನಗ ಛಲೋ ಬರ್ತದ" ಅಂದರು. ಹೋಗಿದ್ದ ನನ್ನ ಜೀವ ಅವತ್ತು ಅರ್ಧ ಮರಳಿ ಬಂತು.

ಮನೆಯಲ್ಲಿ ಅಪ್ಪ ಪೇಪರ್ ಮಡಿಚಿಟ್ಟಿದ್ದ, ಹೊಸ ಪಂಚೆ ಉಟ್ಟಿದ್ದ. ಅಣ್ಣ ಗ್ರೀಸಿಲ್ಲದ ಯಂತ್ರದ ಹಾಗೆ ಬಾಗಿಲಲ್ಲಿ ಬಿಗಿದುಕೊಂಡು ನಿಂತಿದ್ದ. ತಾಯಿ ಮಗಳು ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ ಎಂದು ನಾವೆಲ್ಲ ಗೌರವದಿಂದ ಗೋಡೆ ನೋಡುತ್ತಾ ನಿಂತೆವು. ಅವರೋ, ಮಗಳ ಕೆನ್ನೆಯನ್ನು ಒಂದು ಸಲ ಸವರಿ, ನೇರ ನೆಲದ ಮೇಲೆ ಕೂತು ಚೀಲ ಬಿಚ್ಚಿ ಖಣ ಹಾಸಿದರು. "ಎಲ್ಲಿ ಆ ಎಡಗಡೆ ತುಂಡು? ತಾ ನೋಡೋಣು."

ಕೊಟ್ಟೆ. ತಿರುಗಿಸಿ ನೋಡಿ ಅವರ ಭುಜ ಕುಲುಕತೊಡಗಿತು. "ಏ ಹುಚ್ಚಪ್ಪಾ! ಮನ್ಯಾಗ ಬಟ್ಟಿ ಮುಖಕ್ಕ ಮುಖ ಹಚ್ಚಿ ಮಡಚಬೇಕು. ಒಂದು ಕತ್ತರಿಗೆ ಎಡಾ ಬಲಾ ಎರಡೂ ಬರ್ತಾವ."

ಅವರ ಯೋಚನೆ ಸರಳವಿತ್ತು. ತಮ್ಮ ಖಣದಲ್ಲಿ ಮಗಳಿಗೆ ಹೊಲಿಸಿಬಿಡುವುದು, ತಾವು ಬೇರೆ ಯಾವುದನ್ನಾದರೂ ತೊಡುವುದು. ಅತ್ತಿಗೆ ಒಪ್ಪಲಿಲ್ಲ. "ನೀನು ತೊಡದೆ ನಾನೊಬ್ಬಳೇ ತೊಟ್ಟು ಏನು ಮಾಡ್ಲಿ?" ಸ್ವಲ್ಪ ಹೊತ್ತು "ನೀ ತೊಡು", "ನೀ ತೊಡು" ಎಂದು ಖಣ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿತು. ಕೂಡಿಸಿ ಕಳೆದೇ ಬಾಳುವವರು ನಮ್ಮ ಅತ್ತಿಗೆ. ಇದ್ದಕ್ಕಿದ್ದಂತೆ ನನ್ನ ಎರಡು ತುಂಡುಗಳನ್ನೇ ನೋಡತೊಡಗಿದರು.

"ನನ್ನ ಹತ್ರ ಎರಡು ಎಡ ಇದೆ" ಅಂದರು ನಿಧಾನವಾಗಿ. "ಇದರಲ್ಲಿ ಎರಡೂ ಬಲ ತೆಗೆದ್ರೆ? ನನಗೊಂದು ಎಡ ಒಂದು ಬಲ, ಅವ್ವನಿಗೊಂದು ಎಡ ಒಂದು ಬಲ. ಟ್ಯಾಲಿ ಆಯ್ತಲ್ಲ!"

ಮೊದಲು ಎಚ್ಚೆತ್ತವನು ನಾನು. "ಅದನ್ನೇ ಅಲ್ವಾ ನಾನು ಮೊದಲಿಂದ ಪ್ಲಾನ್ ಮಾಡಿದ್ದು" ಅಂದೆ. ಅಣ್ಣ ಅಪ್ಪ ಮಡಿಚಿಟ್ಟಿದ್ದ ಪೇಪರಿನಿಂದ ನನ್ನ ತಲೆಗೆ ಹೊಡೆದ.

"ಕತ್ತರಿಸು" ಎಂದು ಅತ್ತಿಗೆಯ ಅವ್ವ ಕತ್ತರಿಯನ್ನು ನನ್ನ ಕಡೆಗೇ ಚಾಚಿದರು. ಅಮ್ಮ "ಅಯ್ಯೋ ಬೇಡ ಕಣ್ರೀ!" ಎಂದು ಚೀರಿದಳು. "ಇರಲಿ ಬಿಡ್ರೀ, ಕೆಡಿಸಿದ ಕೈನಽ ರಿಪೇರಿ ಮಾಡಲಿ" ಅಂದರು ಅವ್ವ. ಕ್ರೀಡಾಪುಟವನ್ನು ಬೋರಲು ಹಾಕಿದೆ. ಈ ಸಲ ಪದರವಿಲ್ಲ, ಸಿಳ್ಳೆಯಿಲ್ಲ. ಒಂದು ಬಲಭಾಗ ಅತ್ತಿಗೆಯ ಅಳತೆಗೆ, ಇನ್ನೊಂದು ಅವ್ವನ ಅಳತೆಗೆ. ಅವ್ವ ಸ್ವಲ್ಪ ಗಟ್ಟಿ ಆಳು. ಮಗಳ ಅಳತೆಯ ಎಡಭಾಗ ಅವರಿಗೆ ಬಿಗಿ. ಅಮ್ಮ ಬೀರು ತೆಗೆದು ತನ್ನದೇ ಒಂದು ನೇರಳೆ ಬ್ಲೌಸ್ ಪೀಸ್ ಹುಡುಕಿ, ಕಂಕುಳ ಕೆಳಗೆ ಕೊಡುವುದಕ್ಕೆ ಅದರಿಂದ ಒಂದು ಪಟ್ಟಿ ಹರಿದಳು.

"ನಿಮ್ಮ ಹೊಸಾ ಬಟ್ಟಿ ಯಾಕ ಹರೀತೀರಿ?" ಅಂದರು ಅವ್ವ.

"ಎಡಗಡೆ ಹೇಗೂ ಸೆರಗು ಮುಚ್ಚುತ್ತೆ, ಯಾರಿಗೆ ಕಾಣುತ್ತೆ ಬಿಡಿ" ಅಂದಳು ಅಮ್ಮ. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿರಲಿಲ್ಲ. ಇಬ್ಬರಿಗೂ ತೃಪ್ತಿಯಾದ ಹಾಗೆ ಕಂಡಿತು. ಮೆಷಿನ್ ಗಡಗಡ ಅಂದಿತು. ಅವ್ವ ಅತ್ತಿಗೆ ಎದುರುಬದುರು ಕೂತು ಒಂದೊಂದು ಕುಪ್ಪಸಕ್ಕೆ ಹುಕ್ಕು ಹಾಕಿದರು. ಕುಕ್ಕರ್ ಕೂಗಿತು. ಮೂರನೆಯದಕ್ಕೆ ಇಬ್ಬರೂ ಒಟ್ಟಿಗೇ ತಲೆಯೆತ್ತಿ "ಆಫ್ ಮಾಡು!" ಅಂದರು.

ಮದುವೆಯ ದಿನ ಇಡೀ ಕಲ್ಯಾಣ ಮಂಟಪ ಮದುಮಗಳನ್ನು ನೋಡುತ್ತಿದ್ದರೆ ನಾನೊಬ್ಬ ಅವ್ವನ ಕಂಕುಳನ್ನೇ ನೋಡುತ್ತಿದ್ದೆ. ಅಪಾರ್ಥ ಮಾಡಿಕೊಳ್ಳಬೇಡಿ, ಆ ಪಟ್ಟಿಯ ಚಿಂತೆ. ಅಕ್ಷತೆ ಹಾಕಲು ಅವರು ಕೈ ಎತ್ತಿದಾಗ ನನ್ನ ಉಸಿರು ನಿಂತಿತು. ಯಾರನ್ನೋ ಕರೆಯಲು ಕೈ ಬೀಸಿದರು, ಮತ್ತೆ ನಿಂತಿತು. ಹೊಲಿಗೆ ಅಲ್ಲಾಡಲಿಲ್ಲ. ತಾಯಿ ಮಗಳು ಒಂದೇ ನೇರಳೆ, ಒಂದೇ ಅಂಚು, ಜತೆಯಾಗಿ ಓಡಾಡಿದರು. ಅವರ ಕಡೆಯ ಒಬ್ಬ ಹೆಂಗಸು ತಡೆದು ನಿಲ್ಲಿಸಿ ಕೇಳಿದರು, "ಏನ್ ಛಂದ ಹೊಂದೈತಿ! ಯಾವ ಟೇಲರಾ?"

ಅವ್ವ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ಕೈ ಹಾಕಿದ್ದ ನನ್ನ ಕಡೆ ಬೆರಳು ತೋರಿಸಿದರು. "ನಮ್ಮ ಹುಡುಗ. ಫ್ಯಾಕ್ಟರಿಯೊಳಗ ಕಟಿಂಗ್ ಮಾಸ್ತರ್."

ಎಂಜಲು ಕೈಯಿಂದ ಕಾಲರ್ ಸರಿಮಾಡಿಕೊಳ್ಳಲಾಗದ್ದು ಅವತ್ತಿನ ನನ್ನ ಒಂದೇ ದುಃಖ.

ಅತ್ತಿಗೆಯ ಅಪ್ಪ ದೂರದ ಕುರ್ಚಿಯಲ್ಲಿದ್ದರು. ಅವರು ಟಿವಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ಹೆಂಡತಿಯ ಕುಪ್ಪಸ ನೋಡಿದರು, ಮಗಳ ಕುಪ್ಪಸ ನೋಡಿದರು, ಮತ್ತೆ ಹೆಂಡತಿಯದು. ಕೊನೆಗೆ ಎದ್ದು ಬಂದು ಅತ್ತಿಗೆಯ ಮುಂದೆ ನಿಂತರು. ಅಣ್ಣ ಬೆವರಿದ. ನಮ್ಮಪ್ಪ ಪೇಪರಿಗಾಗಿ ತಡಕಾಡಿದ.

"ಊಟಾ ಆತೇನವಾ?" ಅಂದರು.

"ಇನ್ನೂ ಇಲ್ಲಪ್ಪಾ."

"ನಂದೂ ಆಗಿಲ್ಲ. ಬಾ." ನಾಲ್ಕು ಹೆಜ್ಜೆ ಹೋದವರು ತಿರುಗಿ ಅಣ್ಣನ ಕಡೆ ನೋಡಿ, "ನಿನ್ನ ಗಂಡಂದು?" ಎಂದು ಅತ್ತಿಗೆಯನ್ನೇ ಕೇಳಿದರು. ಅಣ್ಣನದು ಆಗಿತ್ತು. ಎರಡು ಹೋಳಿಗೆ ಹೆಚ್ಚಾಗಿಯೇ ಆಗಿತ್ತು. ಆದರೂ "ಇಲ್ಲ ಸಾರ್" ಎಂದು ಹೋಗಿ ಅವರ ಪಕ್ಕದಲ್ಲಿ ಕೂತು ಇನ್ನೊಮ್ಮೆ ಪೂರ್ತಿ ಉಂಡ. ನಮ್ಮ ಮನೆಯಲ್ಲಿ ಈ ಮದುವೆಗಾಗಿ ಅತಿ ದೊಡ್ಡ ತ್ಯಾಗ ಮಾಡಿದವನು ಆತನೇ.

ಅಗೋ, ಕೀಲಿ ಸಿಕ್ಕಿತು. ಎಲ್ಲಿತ್ತು ಅಂತೀರಿ? ನನ್ನ ಜೇಬಿನಲ್ಲೇ. ಹೋಗಲಿ ಬಿಡಿ. ಚೂರನ್ನು ಮಡಿಚಿ ಅಲ್ಲೇ ಇಟ್ಟು ಸ್ಟೇಷನ್ನಿಗೆ ಓಡಿದೆ. ಭಾನುವಾರ ಅವ್ವ ಬರುತ್ತಾರೆ, ಈಗ ಅದು ವಾಡಿಕೆ. ಗೇಟಿನ ಹತ್ತಿರ ಚೀಲ ಎದೆಗವಚಿಕೊಂಡು ನಿಂತಿದ್ದರು.

"ಎಷ್ಟೊತ್ತೋ ಮಾಸ್ತರಾ! ಹಿಡಿ ಇದನ್ನ, ಕೆಳಗ ಬೀಳಿಸೀಯ."

ಚೀಲದ ಬಾಯಲ್ಲಿ ಹಸಿರು ಖಣ ಕಂಡಿತು. ಅತ್ತಿಗೆಗೆ ಈಗ ದಿನ ತುಂಬುತ್ತಿದೆ. ಬಸುರಿ ಮಗಳಿಗೆ ತವರಿನವರು ಹೊಸ ಕುಪ್ಪಸ ತೊಡಿಸಿ ಉಡಿ ತುಂಬುವ ಶಾಸ್ತ್ರ ಅವರ ಕಡೆ ದೊಡ್ಡದು. ಅದನ್ನು ಬರುವ ವಾರ ನಮ್ಮ ಮನೆಯಲ್ಲೇ ಮಾಡುತ್ತಾರೆ. ಅವರಪ್ಪನೂ ಬರುತ್ತಾರೆ. ನಮ್ಮ ಟಿವಿ ಸರಿಯಾಗಿ ಬರುತ್ತದೋ ಇಲ್ಲವೋ ಎಂದು ಮೊನ್ನೆಯೇ ಫೋನ್ ಮಾಡಿ ವಿಚಾರಿಸಿದ್ದಾರೆ.

ಸ್ಕೂಟರ್ ಹತ್ತಿ ನನ್ನ ಭುಜ ಹಿಡಿದುಕೊಂಡ ಮೇಲೆ ಅವ್ವ ಪರೀಕ್ಷೆಯ ಮೇಷ್ಟ್ರ ದನಿಯಲ್ಲಿ ಕೇಳಿದರು, "ಈ ಸಲ ಹೆಂಗ ಮಡಚತಿ ಹೇಳು?"

"ಮುಖಕ್ಕೆ ಮುಖ, ಅವ್ವಾ."

"ಹಾಂ. ಹೊಡಿ ಗಾಡಿ."

ಮನೆಗೆ ಬಂದೆವು. ಅಮ್ಮ ಮೆಷಿನ್ನಿಗೆ ದಾರ ಪೋಣಿಸಿ ಕೂತಿದ್ದಳು, ಅಪ್ಪನ ಕ್ರೀಡಾಪುಟ ನೆಲದ ಮೇಲೆ ಸಿದ್ಧವಾಗಿತ್ತು. ಕತ್ತರಿ ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ. ಅಮ್ಮ ಅದರ ಮೇಲೆಯೇ ಕೂತಿದ್ದಳು.